ಎಷ್ಟು ವಿಮಾನ ಬಿತ್ತು, ಯಾರು ಬೀಳಿಸಿದರು: ಫೈಟರ್ ಪೈಲಟ್‌ನ ಗೆಲುವುಗಳನ್ನು ಎದುರಾಳಿಯ ಕಡತದಲ್ಲಿ ತಾಳೆ ನೋಡುವ ಬಗೆ

ಫೈಟರ್ ಪೈಲಟ್ ಒಬ್ಬರ ಹೆಸರಿನ ಮುಂದೆ 12 ಗೆಲುವು ಅಂತ ಬರೆದಿದೆ ಅಂದುಕೊಳ್ಳಿ. ಆ 12 ಬಂದದ್ದು ಎಲ್ಲಿಂದ? ಅದು ಅವರದೇ ಕಡೆಯ ಲೆಕ್ಕ. ಪೈಲಟ್ ಕೆಳಗಿಳಿದು ಹೇಳಿದ್ದನ್ನು ಗುಪ್ತಚರ ಅಧಿಕಾರಿ ಬರೆದುಕೊಂಡ, ಮೇಲಿನವರು ಒಪ್ಪಿದರು, ಅಷ್ಟೇ. ಎದುರಾಳಿಯ ಎಷ್ಟು ವಿಮಾನ ಆ ದಿನ ಮರಳಲಿಲ್ಲ ಅನ್ನುವುದು ಬೇರೆ ದೇಶದ, ಬೇರೆ ಭಾಷೆಯ, ಬೇರೆ ಕಡತದಲ್ಲಿ ಇರುತ್ತದೆ. ಎರಡನ್ನೂ ಎದುರುಬದುರು ಇಟ್ಟು ನೋಡುವುದೇ ಇಲ್ಲಿನ ಕೆಲಸ.

ಎರಡೂ ಲೆಕ್ಕ ಎಷ್ಟು ದೂರ ಇರಬಹುದು ಅನ್ನುವುದಕ್ಕೆ 1940ರ ಸೆಪ್ಟೆಂಬರ್ 15 ನೋಡಿ. ಅವತ್ತು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ 185 ಜರ್ಮನ್ ವಿಮಾನ ಉರುಳಿಸಿದೆವು ಅಂತ ಹೇಳಿತು. ಯುದ್ಧ ಮುಗಿದ ಮೇಲೆ ಜರ್ಮನ್ ಕಡತ ಬಿಚ್ಚಿ ನೋಡಿದರೆ ಹೋಗಿದ್ದು 60ರ ಆಸುಪಾಸು. ಹಾಗಂತ ಪೈಲಟ್‌ಗಳು ಸುಳ್ಳು ಹೇಳಿದರು ಅನ್ನುವಂತಿಲ್ಲ. ಗಂಟೆಗೆ ಐನೂರು ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ವಿಮಾನಕ್ಕೆ ಎರಡು ಸೆಕೆಂಡ್ ಗುಂಡು ಹೊಡೆಯುತ್ತಾನೆ. ಅದು ಹೊಗೆ ಬಿಟ್ಟುಕೊಂಡು ಮೋಡದೊಳಗೆ ಇಳಿಯುತ್ತದೆ. ಹಿಂದೆ ಇನ್ನೊಬ್ಬ ಬರುತ್ತಿದ್ದಾನೆ, ತಿರುಗಿ ನೋಡಲು ಪುರಸೊತ್ತಿಲ್ಲ. ಅದು ಬಿತ್ತು ಅಂತ ಅವನು ನಂಬಿದರೆ ಆಶ್ಚರ್ಯ ಇಲ್ಲ ಅಲ್ವಾ? ಮೆಸರ್ಶ್ಮಿಟ್ 109 ಅನ್ನುವ ಜರ್ಮನ್ ಫೈಟರ್ ಪೂರ್ತಿ ಥ್ರಾಟಲ್‌ನಲ್ಲಿ ಮೂತಿ ಕೆಳಗೆ ಮಾಡಿ ತಪ್ಪಿಸಿಕೊಳ್ಳುವಾಗ ಸುಮ್ನೆ ಹಾಗೇ ಕಪ್ಪು ಹೊಗೆ ಕಾರುತ್ತಿತ್ತು. ಎಷ್ಟೋ ಪೈಲಟ್‌ಗಳು ಅದನ್ನು ಬೆಂಕಿ ಅಂದುಕೊಂಡರು.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು ತಲೆಯಲ್ಲಿ ಇರಲಿ. ನಿಮಗೆ ಬೇಕಾದ ಒಬ್ಬ ಪೈಲಟ್‌ನನ್ನು ಮಾತ್ರ ಹಿಡಿದು ಹುಡುಕಬೇಡಿ. ಹಾಗೆ ಹುಡುಕಿದರೆ ಯಾವತ್ತೂ ಲೆಕ್ಕ ಸರಿ ಬರುತ್ತದೆ, ಅದೇ ತೊಂದರೆ. ಅವತ್ತು ಎದುರಾಳಿಯದು ನಾಲ್ಕು ವಿಮಾನ ಬಿದ್ದಿದ್ದರೆ, ನಿಮ್ಮ ಪೈಲಟ್‌ನ ಎರಡು ಅದರಲ್ಲಿ ಆರಾಮಾಗಿ ಕೂರುತ್ತವೆ. ಆದರೆ ಅದೇ ಹೊತ್ತಿಗೆ ಅದೇ ಆಕಾಶದಲ್ಲಿ ಇನ್ನೂ ಹತ್ತು ಜನ ಒಂದೊಂದು ಕ್ಲೈಮ್, ಅಂದರೆ ನಾನು ಬೀಳಿಸಿದೆ ಅನ್ನುವ ಹೇಳಿಕೆ, ಮಾಡಿರುತ್ತಾರೆ. ಲೆಕ್ಕ ಹಾಕಬೇಕಾದ್ದು ಇಡೀ ಕಾಳಗವನ್ನು. ಪೈಲಟ್‌ನ ಪಾಲು ಕೊನೆಗೆ ತಾನಾಗಿ ಬೀಳುತ್ತದೆ.

ಮೊದಲ ಹೆಜ್ಜೆ: ಮೂಲ ಕ್ಲೈಮ್ ಹಿಡಿಯಿರಿ

ಜೀವನಚರಿತ್ರೆಯಲ್ಲಿ, ಪತ್ರಿಕೆಯಲ್ಲಿ, ಸ್ಮಾರಕದ ಫಲಕದಲ್ಲಿ ಇರುವ ಸಂಖ್ಯೆಯಿಂದ ಶುರು ಮಾಡಬೇಡಿ. ಅದು ನಾಲ್ಕು ಕೈ ದಾಟಿ ಬಂದಿರುತ್ತದೆ. ಅವತ್ತೇ ಬರೆದ ಕಾಗದ ಬೇಕು. ಬ್ರಿಟಿಷ್ ಪೈಲಟ್ ಆದರೆ ಲಂಡನ್ನಿನ ಕ್ಯೂ (Kew) ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎರಡು ಸರಣಿ ನೋಡಿ. ಏರ್ 50ರಲ್ಲಿ ಪೈಲಟ್‌ಗಳ ಕಾಳಗದ ವರದಿಗಳಿವೆ. ಏರ್ 27ರಲ್ಲಿ ಸ್ಕ್ವಾಡ್ರನ್‌ಗಳ ದಿನಚರಿ ಪುಸ್ತಕಗಳಿವೆ. ದಿನಚರಿಯಲ್ಲಿ ಫಾರ್ಮ್ 540 ಅಂದರೆ ದಿನದ ಕಥೆ, ಫಾರ್ಮ್ 541 ಅಂದರೆ ಯಾರು, ಯಾವ ನಂಬರಿನ ವಿಮಾನದಲ್ಲಿ, ಎಷ್ಟು ಹೊತ್ತಿಗೆ ಹಾರಿ ಎಷ್ಟು ಹೊತ್ತಿಗೆ ಇಳಿದರು ಅನ್ನುವ ಪಟ್ಟಿ. ಎಲ್ಲರೂ 540 ಓದಿ ಮುಗಿಸುತ್ತಾರೆ. ನಿಜವಾಗಿ ಕೆಲಸಕ್ಕೆ ಬರುವುದು 541. ಅಮೆರಿಕದ ವಾಯುಸೇನೆಯ ಸ್ಕ್ವಾಡ್ರನ್ ಕಡತಗಳಿಗೆ ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿರುವ ವಾಯುಪಡೆಯ ಇತಿಹಾಸ ಸಂಶೋಧನಾ ಕೇಂದ್ರ ಇದೆ.

ಸಿಕ್ಕ ವರದಿಯಲ್ಲಿ ಏನು ಬರೆದಿದೆಯೋ ಅದನ್ನು ಇದ್ದ ಹಾಗೇ ನಕಲು ಮಾಡಿಕೊಳ್ಳಿ. ಹೊತ್ತು, ಜಾಗ, ಎತ್ತರ, ವಿಮಾನದ ಜಾತಿ, ಎಷ್ಟು ಗುಂಡು ಹಾರಿಸಿದರು, ಕೊನೆಗೆ ಕಣ್ಣಿಗೆ ಕಂಡದ್ದೇನು. ಕೊನೆಯದ್ದು ತುಂಬಾ ಮುಖ್ಯ. "ಸಮುದ್ರಕ್ಕೆ ಬಿದ್ದು ನೀರು ಚಿಮ್ಮಿತು" ಅನ್ನುವುದಕ್ಕೂ "ಹೊಗೆ ಬಿಡುತ್ತಾ ಕೆಳಗೆ ಹೋಯಿತು" ಅನ್ನುವುದಕ್ಕೂ ಅಜಗಜಾಂತರ.

ಆಮೇಲೆ ಆ ಸೇನೆ ಹೇಗೆ ಎಣಿಸುತ್ತಿತ್ತು ನೋಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ನಾಶ, ಬಹುತೇಕ ನಾಶ, ಪೆಟ್ಟು ಅಂತ ಮೂರು ದರ್ಜೆ ಮಾಡಿದ್ದರು. ಇಬ್ಬರು ಸೇರಿ ಹೊಡೆದರೆ ಅರ್ಧರ್ಧ. ಜರ್ಮನ್ನರಲ್ಲಿ ಪಾಲು ಇಲ್ಲ, ಒಂದು ವಿಮಾನ ಒಬ್ಬನಿಗೇ. ಆದರೆ ದೊಡ್ಡ ಬಾಂಬರ್ ಒಂದನ್ನು ಹೊಡೆದು ಗುಂಪಿನಿಂದ ಬೇರೆ ಮಾಡಿದರೂ ಅವರಲ್ಲಿ ಅದಕ್ಕೆ ಗೆಲುವಿನ ಲೆಕ್ಕ ಇತ್ತು. ಅಂಥ ಬಾಂಬರ್ ಕುಂಟುತ್ತಾ ಮನೆ ಸೇರಿರಬಹುದು. ಅಮೆರಿಕದ ಎಂಟನೇ ವಾಯುಸೇನೆ ನೆಲದ ಮೇಲೆ ನಿಂತ ವಿಮಾನ ಸುಟ್ಟರೂ ಎಣಿಸಿತು. ಮೊದಲ ಮಹಾಯುದ್ಧಕ್ಕೆ ಹೋದರೆ ಇನ್ನೊಂದು ಬಗೆ. ಬ್ರಿಟಿಷ್ ವಾಯುಪಡೆಯಲ್ಲಿದ್ದ ಭಾರತೀಯ ಪೈಲಟ್ ಇಂದ್ರ ಲಾಲ್ ರಾಯ್ 1918ರ ಜುಲೈನಲ್ಲಿ ಎರಡು ವಾರದೊಳಗೆ ಹತ್ತು ಗೆಲುವು ಪಡೆದವರು. ಅದರಲ್ಲಿ ಐದು ನಾಶ, ಇನ್ನೈದು "ಹತೋಟಿ ತಪ್ಪಿ ಕೆಳಗೆ ಹೋಯಿತು" ಅನ್ನುವ ದರ್ಜೆಯವು. ಆಗಿನ ನಿಯಮಕ್ಕೆ ಎಲ್ಲವೂ ಗೆಲುವೇ. ಎರಡನೇ ಐದಕ್ಕೆ ಜರ್ಮನ್ ನಷ್ಟದ ಪಟ್ಟಿಯಲ್ಲಿ ಜೋಡಿ ಸಿಗದಿದ್ದರೆ ಯಾರೂ ಮೋಸ ಮಾಡಿಲ್ಲ, ನೀವು ಹುಡುಕುತ್ತಿರುವುದೇ ಬೇರೆ ವಸ್ತು.

ಎರಡನೇ ಹೆಜ್ಜೆ: ಗಡಿಯಾರ ಸರಿ ಮಾಡಿ

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಎರಡು ಸೇನೆಗಳ ಗಡಿಯಾರ ಒಂದೇ ಅಲ್ಲ.

1940ರ ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರ ಗ್ರೀನಿಚ್‌ಗಿಂತ ಒಂದು ಗಂಟೆ ಮುಂದೆ, ಜರ್ಮನಿಯದ್ದು ಎರಡು ಗಂಟೆ ಮುಂದೆ. ಅಂದರೆ ಬ್ರಿಟಿಷ್ ವರದಿಯ ಮಧ್ಯಾಹ್ನ 2:30 ಜರ್ಮನ್ ವರದಿಯಲ್ಲಿ 3:30. 1941ರ ಬೇಸಿಗೆಯಲ್ಲಿ ಬ್ರಿಟನ್ ತಾನೂ ಎರಡು ಗಂಟೆ ಮುಂದೆ ಹಾಕಿತು. ಆಗ ಎರಡೂ ಒಂದೇ. ಹಿಂದಿನ ವರ್ಷದ ಅಭ್ಯಾಸದಲ್ಲಿ ಇಲ್ಲೂ ಒಂದು ಗಂಟೆ ಕಳೆದರೆ ತಪ್ಪು ಕಾಳಗಕ್ಕೆ ಹೋಗಿ ಬೀಳುತ್ತೀರಿ. ಜಪಾನಿ ನೌಕಾಪಡೆ ಎಲ್ಲಿದ್ದರೂ ಟೋಕಿಯೋ ಗಂಟೆಯಲ್ಲೇ ಬರೆಯುತ್ತಿತ್ತು. ಸಾಲೊಮನ್ ದ್ವೀಪಗಳಲ್ಲಿ ಅಮೆರಿಕನ್ನರ ಗಡಿಯಾರ ಅದಕ್ಕಿಂತ ಎರಡು ಗಂಟೆ ಮುಂದಿತ್ತು. ಭಾರತ ಮತ್ತು ಪಶ್ಚಿಮ ಪಾಕಿಸ್ತಾನದ ನಡುವೆ 1965ರಲ್ಲಿ ಅರ್ಧ ಗಂಟೆ ವ್ಯತ್ಯಾಸ. 1971ರ ಢಾಕಾ ಆದರೆ ಅರ್ಧ ಗಂಟೆ ಆಚೆ ಕಡೆಗೆ.

ಎಲ್ಲವನ್ನೂ ಒಂದೇ ಗಂಟೆಗೆ ತಿರುಗಿಸಿಕೊಳ್ಳಿ. ಗ್ರೀನಿಚ್ ಇಟ್ಟುಕೊಂಡರೆ ಸುಲಭ. ಮೂಲದಲ್ಲಿದ್ದ ಹೊತ್ತನ್ನು ಮಾತ್ರ ಅಳಿಸಬೇಡಿ, ಪಕ್ಕದ ಕಾಲಂನಲ್ಲಿ ಇರಲಿ. ಹಾಗೇ ವರದಿ ಬರೆದವನ ಕೈಗಡಿಯಾರವನ್ನು ನಿಮಿಷದ ಮಟ್ಟಿಗೆ ನಂಬಬೇಡಿ. ಹತ್ತು ಹದಿನೈದು ನಿಮಿಷ ಆಚೀಚೆ ಬಿಡಿ.

ಜಾಗದ ವಿಷಯ ಇಷ್ಟೇ. ಜರ್ಮನ್ ಕ್ಲೈಮ್‌ಗಳಲ್ಲಿ ಊರಿನ ಬದಲು ಗ್ರಿಡ್ ಚೌಕದ ನಂಬರ್ ಇರುತ್ತದೆ, ಅದನ್ನು ನಕ್ಷೆಗೆ ಇಳಿಸಬೇಕು. ಸಮುದ್ರದ ಮೇಲೆ ನಡೆದ ಕಾಳಗದಲ್ಲಿ ಪೈಲಟ್ ಹೇಳಿದ ಜಾಗ ಮೂವತ್ತು ನಲವತ್ತು ಕಿಲೋಮೀಟರ್ ತಪ್ಪಿರಬಹುದು. ಪೆಟ್ಟು ತಿಂದ ವಿಮಾನ ಹೊಡೆತ ಬಿದ್ದ ಕಡೆಯೇ ಬೀಳಬೇಕೆಂದೂ ಇಲ್ಲ. ಎತ್ತರದಲ್ಲಿ ಎಂಜಿನ್ ಕೆಟ್ಟರೂ ಬಹಳ ದೂರ ತೇಲಿ ಹೋಗುತ್ತದೆ.

ಮೂರನೇ ಹೆಜ್ಜೆ: ಎದುರಿಗಿದ್ದವರು ಯಾರು?

ವರದಿಯಲ್ಲಿ ಬರೆದ ವಿಮಾನದ ಹೆಸರನ್ನು ಸುಳಿವು ಅಂತ ತಗೊಳ್ಳಿ, ಸಾಕ್ಷಿ ಅಂತ ಬೇಡ. 1940ರ ಬ್ರಿಟಿಷ್ ವರದಿಗಳಲ್ಲಿ ಹೈಂಕೆಲ್ 113 ಅನ್ನುವ ಫೈಟರ್ ಆಗಾಗ ಬರುತ್ತದೆ. ಅಂಥ ವಿಮಾನ ಜರ್ಮನ್ ಸ್ಕ್ವಾಡ್ರನ್‌ಗಳಲ್ಲಿ ಇರಲೇ ಇಲ್ಲ. ಜರ್ಮನ್ ಪ್ರಚಾರ ಇಲಾಖೆ ಬೇರೊಂದು ವಿಮಾನಕ್ಕೆ ಬಣ್ಣ ಬಳಿದು ಫೋಟೋ ಹಂಚಿತ್ತು, ಬ್ರಿಟಿಷರು ನಂಬಿದರು. ಅವರು ಕಾದಾಡಿದ್ದು ಮೆಸರ್ಶ್ಮಿಟ್ 109ರ ಜೊತೆಗೆ. ಹಾಗೆಯೇ ಬರ್ಮಾದ ಮೇಲೆ ಅಮೆರಿಕನ್ ಪೈಲಟ್‌ಗಳು ಝೀರೋ ಉರುಳಿಸಿದೆವು ಅಂತ ಬರೆದ ಕಡೆ ಜಪಾನಿ ನೌಕಾಪಡೆಯ ಝೀರೋ ಫೈಟರ್ ಇರಲಿಲ್ಲ. ಅಲ್ಲಿದ್ದದ್ದು ಜಪಾನಿ ಭೂಸೇನೆಯ ಫೈಟರ್‌ಗಳು. ನೌಕಾಪಡೆಯ ಕಡತ ಎಷ್ಟು ಜಾಲಾಡಿದರೂ ಅವು ಸಿಗುವುದಿಲ್ಲ. ಜಪಾನಿನ ಹೆಸರಾಂತ ಪೈಲಟ್ ಸಬುರೋ ಸಕಾಯ್ ಕೂಡ 1942ರ ಆಗಸ್ಟ್ 7ರಂದು ಗ್ವಾಡಲ್‌ಕೆನಾಲ್ ಮೇಲೆ ಬಾಂಬರ್ ಗುಂಪನ್ನು ಫೈಟರ್‌ಗಳು ಅಂದುಕೊಂಡು ಹಿಂದಿನಿಂದ ನುಗ್ಗಿದರು. ಬಾಂಬರ್‌ಗಳ ಹಿಂಬದಿ ಗನ್ನರ್‌ಗಳು ಹೊಡೆದ ಗುಂಡಿಗೆ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು.

ಕೊರಿಯಾ ಯುದ್ಧದಲ್ಲಿ ಇದು ಇನ್ನೂ ಗೋಜಲು. ಮಿಗ್-15 ಜೆಟ್ ಫೈಟರ್ ಹಾರಿಸುತ್ತಿದ್ದವರು ಸೋವಿಯತ್, ಚೀನಾ, ಉತ್ತರ ಕೊರಿಯಾ, ಹೀಗೆ ಮೂರು ದೇಶದವರು. ಸೋವಿಯತ್ ಪಟ್ಟಿಯಲ್ಲಿ ಅವತ್ತು ನಷ್ಟ ಇಲ್ಲ ಅಂದಮಾತ್ರಕ್ಕೆ ಅಮೆರಿಕನ್ ಕ್ಲೈಮ್ ಸುಳ್ಳಾಗುವುದಿಲ್ಲ. ಉಳಿದ ಎರಡು ಪಟ್ಟಿಗಳೂ ಇವೆ.

ನಾಲ್ಕನೇ ಹೆಜ್ಜೆ: ನಷ್ಟದ ಕಡತ ಓದುವುದು

ನಷ್ಟದ ಪಟ್ಟಿಗಳಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ಸರಬರಾಜು ವಿಭಾಗದವರು ಮಾಡಿಕೊಂಡ ಪಟ್ಟಿಗಳ ಮೇಲೆ. ಜರ್ಮನ್ ವಾಯುಪಡೆಯ ಕ್ವಾರ್ಟರ್‌ಮಾಸ್ಟರ್ ಜನರಲ್ ಕಚೇರಿಯ ಪಟ್ಟಿ ಅಂಥದ್ದು. ಅದು ಜನರಿಗೆ ತೋರಿಸಲು ಮಾಡಿದ್ದಲ್ಲ. ಹೋದ ವಿಮಾನಕ್ಕೆ ಬದಲಿ ಕಳಿಸಲು, ಸತ್ತ ಪೈಲಟ್‌ಗೆ ಬದಲಿ ಹುಡುಕಲು ಮಾಡಿದ್ದು. ಕಡಿಮೆ ಬರೆದರೆ ಬದಲಿ ವಿಮಾನ ಬರುವುದಿಲ್ಲ. ಸುಳ್ಳು ಹೇಳಿ ಯಾರಿಗೂ ಲಾಭ ಇಲ್ಲ. ರೇಡಿಯೋದಲ್ಲಿ ಬಂದ ಸಂಖ್ಯೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಆ ಪಟ್ಟಿಯ ಒಂದು ಸಾಲಿನಲ್ಲಿ ತಾರೀಕು, ಯಾವ ತುಕಡಿ, ಎಲ್ಲಿ, ಏನು ಕಾರಣ, ವಿಮಾನದ ಜಾತಿ, ಕಾರ್ಖಾನೆ ನಂಬರ್, ಎಷ್ಟು ಶೇಕಡಾ ಹಾನಿ, ಒಳಗಿದ್ದವರ ಹೆಸರು ಮತ್ತು ಗತಿ ಇರುತ್ತವೆ. ಶೇಕಡಾ ಹಾನಿಯ ಕಾಲಂ ಓದಲು ಕಲಿಯಿರಿ. 100 ಅಂದರೆ ಪೂರ್ತಿ ಹೋಯಿತು, ಸಮುದ್ರಕ್ಕೋ ಶತ್ರು ನೆಲಕ್ಕೋ ಬಿದ್ದಿದೆ. 60ರಿಂದ ಮೇಲೆ ಇದ್ದರೆ ಸಾಮಾನ್ಯವಾಗಿ ಗುಜರಿ, ಬಿಡಿಭಾಗ ಬಿಚ್ಚಿಕೊಳ್ಳಬಹುದು ಅಷ್ಟೇ. ಅದಕ್ಕಿಂತ ಕೆಳಗಿದ್ದರೆ ರಿಪೇರಿ ಆಗಿ ಮತ್ತೆ ಹಾರಿದೆ. ನಿಮ್ಮ ಪೈಲಟ್ "ನಾಶ" ಅಂದ ವಿಮಾನ 35 ಶೇಕಡಾ ಹಾನಿಯೊಂದಿಗೆ ತನ್ನ ನೆಲೆಯಲ್ಲಿ ಹೊಟ್ಟೆಯ ಮೇಲೆ ಇಳಿದಿದ್ದರೆ ಏನು ಮಾಡುತ್ತೀರಿ? ಗುಂಡು ಬಿದ್ದದ್ದು ನಿಜ, ನಾಶ ಅಲ್ಲ. ಹಾಗೇ ಬರೆಯಿರಿ.

ಕಾರಣದ ಕಾಲಂ ಬಗ್ಗೆ ಹುಷಾರಾಗಿರಿ. ಅಲ್ಲಿ "ಎಂಜಿನ್ ಕೆಟ್ಟಿತು" ಅಂತ ಬರೆದಿರುವ ಸಾಲುಗಳನ್ನು ದಾಟಿಸಿಬಿಡಬೇಡಿ. ರೇಡಿಯೇಟರ್‌ಗೆ ಒಂದು ಗುಂಡು ಬಿದ್ದು ನೀರು ಸೋರಿದರೂ ಎಂಜಿನ್ ಕೆಡುತ್ತದೆ. ಹಾಗೇ "ಕಾರಣ ಗೊತ್ತಿಲ್ಲ", ಸೋವಿಯತ್ ಕಡತಗಳಲ್ಲಿ "ಕಾರ್ಯಾಚರಣೆಯಿಂದ ಮರಳಲಿಲ್ಲ" ಅನ್ನುವ ಸಾಲುಗಳು. ನಿಮ್ಮ ಉತ್ತರ ಇರುವುದು ಬಹುಪಾಲು ಅಲ್ಲೇ. ಇನ್ನೊಂದು, ಒಂದೇ ದಿನದ ಪುಟ ನೋಡಿ ಮುಚ್ಚಬೇಡಿ. ತಡವಾಗಿ ಬಂದ ವರದಿ, ತಿದ್ದುಪಡಿ ಎಲ್ಲಾ ವಾರಗಳ ನಂತರದ ಪುಟದಲ್ಲಿ ಸೇರಿರುತ್ತವೆ. ಜರ್ಮನ್ ಪಟ್ಟಿ 1943ರ ಕೊನೆಯವರೆಗೆ ಹೆಚ್ಚುಕಡಿಮೆ ಸಿಗುತ್ತದೆ. ಆಮೇಲಿನದು ಹರಕುಮುರುಕು. 1944ರ ಯಾವುದೋ ದಿನ ಪಟ್ಟಿಯಲ್ಲಿ ಜೋಡಿ ಇಲ್ಲ ಅಂದರೆ ಪಟ್ಟಿಯೇ ಇಲ್ಲ ಅಂತಲೂ ಇರಬಹುದು.

ಬೇರೆ ಕಡೆಯವು ಬೇಗ ಹೇಳಿಬಿಡುತ್ತೇನೆ. ಅಮೆರಿಕನ್ ವಿಮಾನ ಬಿದ್ದಿದ್ದರೆ 1943ರ ನಡುವಿನಿಂದ "ಕಾಣೆಯಾದ ವಿಮಾನ ಸಿಬ್ಬಂದಿ ವರದಿ" ಅನ್ನುವ ಕಡತಗಳಿವೆ. ಒಳಗೆ ಕಣ್ಣಾರೆ ಕಂಡವರ ಹೇಳಿಕೆ, ನಕ್ಷೆ, ಎಂಜಿನ್ ನಂಬರ್, ಮೆಷಿನ್‌ಗನ್ ನಂಬರ್ ಕೂಡ ಇರುತ್ತವೆ. ಆದರೆ ಹೆಸರೇ ಹೇಳುವಂತೆ ಕಾಣೆಯಾದವಕ್ಕೆ ಮಾತ್ರ. ಪೆಟ್ಟು ತಿಂದು ಇಂಗ್ಲೆಂಡಿಗೆ ಬಂದು ಅಪ್ಪಳಿಸಿದ ವಿಮಾನ ಅದರಲ್ಲಿ ಇರುವುದಿಲ್ಲ. ಬ್ರಿಟಿಷ್ ವಿಮಾನದ್ದಾದರೆ ಒಂದೊಂದು ವಿಮಾನಕ್ಕೂ ಫಾರ್ಮ್ 78 ಅನ್ನುವ ಕಾರ್ಡ್ ಇದೆ. ಅದರಲ್ಲಿ ಇ ದರ್ಜೆ ಅಂದರೆ ಗುಜರಿ, ಪಕ್ಕದ ಎಫ್‌ಬಿ ಅಂದರೆ ಕಾಳಗದಲ್ಲಿ, ಎಫ್ಎ ಅಂದರೆ ಅಪಘಾತದಲ್ಲಿ. ಸತ್ತವರ, ಗಾಯಗೊಂಡವರ ಕಡತ ಏರ್ 81ರಲ್ಲಿ. ಜಪಾನಿ ನೌಕಾಪಡೆಯ ಹಾರಾಟದ ವರದಿಗಳು ಏಷ್ಯಾ ಇತಿಹಾಸ ದಾಖಲೆಗಳ ಜಪಾನ್ ಕೇಂದ್ರದ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತವೆ. ಭೂಸೇನೆಯ ವಿಮಾನಗಳ ಕಾಗದ ಬಹುಪಾಲು ನಾಶವಾಗಿದೆ. ಸೋವಿಯತ್ ಕಡತಗಳು ಪೊಡೋಲ್ಸ್ಕ್‌ನ ರಕ್ಷಣಾ ಇಲಾಖೆ ಆರ್ಕೈವ್‌ನಲ್ಲಿವೆ, ಲಕ್ಷಗಟ್ಟಲೆ ಪುಟ "ಪಾಮ್ಯಾತ್ ನರೋದಾ" ತಾಣದಲ್ಲಿ ಹಾಕಿದ್ದಾರೆ. ಭಾಷೆ ಬಾರದಿದ್ದರೂ ಹೆದರಬೇಡಿ. ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವುದು ಮೂವತ್ತು ನಲವತ್ತು ಪದ ಅಷ್ಟೇ, ಅವನ್ನು ಬರೆದು ಪಕ್ಕದಲ್ಲಿ ಇಟ್ಟುಕೊಂಡರೆ ಓದಬಹುದು.

ಐದನೇ ಹೆಜ್ಜೆ: ಎಲ್ಲರನ್ನೂ ಒಂದೇ ಹಾಳೆಯಲ್ಲಿ ಕೂರಿಸಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಎಡಗಡೆ ಆ ಕಾಳಗದ ಎಲ್ಲಾ ಕ್ಲೈಮ್, ಬಲಗಡೆ ಎದುರಾಳಿಯ ಎಲ್ಲಾ ನಷ್ಟ, ಹಾನಿ ಸಮೇತ. ಎಲ್ಲಾ ಅಂದರೆ ಪಕ್ಕದ ಸ್ಕ್ವಾಡ್ರನ್‌ನವರದ್ದು, ವಿಮಾನ ನಿರೋಧಕ ಫಿರಂಗಿಯವರದ್ದು, ಬಾಂಬರ್ ಗನ್ನರ್‌ಗಳದ್ದು ಎಲ್ಲವೂ. ಗನ್ನರ್‌ಗಳ ಕ್ಲೈಮ್ ಬಗ್ಗೆ ಸ್ವಲ್ಪ ಉಪ್ಪು ಖಾರ ಕಳೆದೇ ಓದಿ. 1943ರ ಆಗಸ್ಟ್ 17ರಂದು ಶ್ವೈನ್‌ಫರ್ಟ್ ಮತ್ತು ರೆಗೆನ್ಸ್‌ಬರ್ಗ್ ದಾಳಿಯಲ್ಲಿ ಅಮೆರಿಕನ್ ಗನ್ನರ್‌ಗಳು 288 ಜರ್ಮನ್ ಫೈಟರ್ ಉರುಳಿಸಿದೆವು ಅಂದರು. ಜರ್ಮನ್ನರು ಕಳೆದುಕೊಂಡದ್ದು ಸುಮಾರು 25. ಇಪ್ಪತ್ತು ಬಾಂಬರ್‌ಗಳ ಗನ್ನರ್‌ಗಳು ಒಂದೇ ಫೈಟರ್‌ಗೆ ಹೊಡೆದು, ಅದು ಬಿದ್ದಾಗ ಇಪ್ಪತ್ತು ಜನವೂ ತಮ್ಮದೇ ಅಂದುಕೊಳ್ಳುತ್ತಾರೆ. ಒಂದೇ ಚೆಕ್ಕನ್ನು ಇಪ್ಪತ್ತು ಖಾತೆಗೆ ಜಮಾ ಮಾಡಿದ ಹಾಗೆ.

ಫೈಟರ್‌ಗಳಲ್ಲೂ ಇದೇ. 1940ರ ಸೆಪ್ಟೆಂಬರ್ 15ರಂದು ಲಂಡನ್ನಿನ ವಿಕ್ಟೋರಿಯಾ ರೈಲು ನಿಲ್ದಾಣದ ಮುಂದೆ ಬಿದ್ದ ಡಾರ್ನಿಯರ್ ಬಾಂಬರ್ ಗೊತ್ತಿರಬಹುದು. 504 ಸ್ಕ್ವಾಡ್ರನ್‌ನ ರೇ ಹೋಮ್ಸ್ ತನ್ನ ಹರಿಕೇನ್‌ನಿಂದಲೇ ಅದಕ್ಕೆ ಗುದ್ದಿದರು. ಆದರೆ ಅದಕ್ಕೂ ಮೊದಲು ಬೇರೆ ಬೇರೆ ಸ್ಕ್ವಾಡ್ರನ್‌ನ ಹಲವು ಪೈಲಟ್‌ಗಳು ಅದೇ ಬಾಂಬರ್‌ಗೆ ಗುಂಡು ಹೊಡೆದಿದ್ದರು. ಅವರೂ ತಮ್ಮ ತಮ್ಮ ನೆಲೆಗೆ ಹೋಗಿ ಒಂದು ಡಾರ್ನಿಯರ್ ಅಂತ ಬರೆಸಿದರು. ಬಲಗಡೆ ಕಾಲಂನಲ್ಲಿ ಒಂದೇ ಸಾಲು, ಎಡಗಡೆ ಅದಕ್ಕೆ ಎಷ್ಟೋ ಬಾಣದ ಗುರುತು.

ಒಂದು ಕಾಳಗವನ್ನು ಪೂರ್ತಿ ಹಾಳೆಗೆ ಇಳಿಸಿ ನೋಡೋಣ. 1943ರ ಏಪ್ರಿಲ್ 18, ಜಪಾನಿ ನೌಕಾಪಡೆಯ ಅಡ್ಮಿರಲ್ ಯಮಾಮೊಟೊ ಪ್ರಯಾಣಿಸುತ್ತಿದ್ದ ವಿಮಾನವನ್ನು ಬೂಗನ್‌ವಿಲ್ ದ್ವೀಪದ ಮೇಲೆ ಅಮೆರಿಕನ್ ಪಿ-38 ಫೈಟರ್‌ಗಳು ಉರುಳಿಸಿದ ದಿನ. ಅಮೆರಿಕನ್ ಗಡಿಯಾರದಲ್ಲಿ 9:34ರ ಹೊತ್ತಿಗೆ ಎದುರಾದರು. ಜಪಾನಿ ಕಾಗದದಲ್ಲಿ ಅದು 7:34. ಅಮೆರಿಕನ್ನರು ಮೂರು ಬಾಂಬರ್, ಜೊತೆಗೆ ಕೆಲವು ಝೀರೋ ಉರುಳಿಸಿದೆವು ಅಂದರು. ಬಲಗಡೆ ಕಾಲಂಗೆ ಬನ್ನಿ. ರಬೌಲ್‌ನಿಂದ ಹೊರಟದ್ದೇ ಎರಡು ಬಾಂಬರ್, ಕಾವಲಿಗೆ ಆರು ಝೀರೋ. ಎರಡು ಬಾಂಬರ್‌ಗಳೂ ಬಿದ್ದವು, ಒಂದು ಕಾಡಿಗೆ, ಒಂದು ಸಮುದ್ರಕ್ಕೆ. ಸಮುದ್ರಕ್ಕೆ ಬಿದ್ದದ್ದರಿಂದ ಮೂವರು ಬದುಕಿ ಬಂದರು. ಆರು ಝೀರೋಗಳೂ ಉಳಿದವು. ಅಂದರೆ ಮೂರನೇ ಬಾಂಬರ್ ಅನ್ನುವುದೇ ಇರಲಿಲ್ಲ. ಆ ಮೂರು ಕ್ಲೈಮ್‌ಗಳಲ್ಲಿ ಯಾವ ಎರಡು ಒಂದೇ ವಿಮಾನದ ಮೇಲೆ ಬಿದ್ದಿವೆ ಅನ್ನುವುದು ಮುಂದಿನ ಪ್ರಶ್ನೆ. ಕಾಡಿಗೆ ಬಿದ್ದದ್ದು ತನ್ನದು ಅಂತ ಲ್ಯಾನ್‌ಫಿಯರ್, ತನ್ನದು ಅಂತ ಬಾರ್ಬರ್, ಆ ಇಬ್ಬರು ಪಿ-38 ಪೈಲಟ್‌ಗಳ ನಡುವೆ ದಶಕಗಟ್ಟಲೆ ಜಗಳ ನಡೆಯಿತು. ವಾಯುಪಡೆ ಕೊನೆಗೆ ಅರ್ಧರ್ಧ ಹಂಚಿತು. ಕಾಡಿನಲ್ಲಿ ಇನ್ನೂ ಬಿದ್ದಿರುವ ಅವಶೇಷದಲ್ಲಿ ಗುಂಡು ಹಿಂದಿನಿಂದ ಬಂದ ಗುರುತುಗಳಿವೆ. ಬಾರ್ಬರ್ ತಾನು ಹಿಂದಿನಿಂದ ಹೊಡೆದೆ ಅಂದಿದ್ದರು, ಲ್ಯಾನ್‌ಫಿಯರ್ ಪಕ್ಕದಿಂದ ಅಂದಿದ್ದರು. ನನ್ನ ಮಟ್ಟಿಗೆ ತಕ್ಕಡಿ ಬಾರ್ಬರ್ ಕಡೆ ವಾಲುತ್ತದೆ.

ನೋಡಿ, ಬಾರ್ಬರ್ ಒಬ್ಬರ ವರದಿ ಮಾತ್ರ ಹಿಡಿದಿದ್ದರೆ ಇದರಲ್ಲಿ ಯಾವುದೂ ಕಾಣುತ್ತಿರಲಿಲ್ಲ.

ಸ್ವಂತ ಕಡೆಯವರೇ ಹೊಡೆದ ಸಾಧ್ಯತೆಯನ್ನೂ ಮರೆಯಬೇಡಿ. 1939ರ ಸೆಪ್ಟೆಂಬರ್ 6ರಂದು, ಯುದ್ಧ ಶುರುವಾಗಿ ಮೂರು ದಿನಕ್ಕೆ, 74 ಸ್ಕ್ವಾಡ್ರನ್‌ನ ಸ್ಪಿಟ್‌ಫೈರ್‌ಗಳು 56 ಸ್ಕ್ವಾಡ್ರನ್‌ನ ಎರಡು ಹರಿಕೇನ್‌ಗಳನ್ನು ಉರುಳಿಸಿದವು. ಕ್ಲೈಮ್‌ಗೆ ಎದುರಾಳಿಯ ಕಡೆ ಜೋಡಿ ಸಿಗದಿದ್ದಾಗ, ಅದೇ ಹೊತ್ತಿನ ನಮ್ಮ ಕಡೆಯ ನಷ್ಟವನ್ನೂ ಒಂದು ಸಲ ನೋಡಿಬಿಡಿ. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ನೋಡಬೇಕು.

ಆರನೇ ಹೆಜ್ಜೆ: ಒಳಗಿದ್ದ ಮನುಷ್ಯ ಏನಾದ?

ವಿಮಾನದ ಕಾಗದ ಕಳೆದುಹೋದರೂ ಮನುಷ್ಯನ ಕಾಗದ ಉಳಿಯುತ್ತದೆ. ಸಮಾಧಿಗಳ ದಾಖಲೆ, ಯುದ್ಧ ಕೈದಿಗಳ ಪಟ್ಟಿ, ವಿಚಾರಣೆಯ ವರದಿ, ಆಸ್ಪತ್ರೆಯ ಪುಸ್ತಕ. ಬ್ರಿಟಿಷ್ ಮತ್ತು ಭಾರತೀಯ ಸೈನಿಕರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ, ಜರ್ಮನ್ನರಿಗೆ ಫೋಕ್ಸ್‌ಬುಂಡ್ ಅನ್ನುವ ಯುದ್ಧ ಸಮಾಧಿಗಳ ಸಂಸ್ಥೆ. ಎರಡರ ಹುಡುಕಾಟವೂ ಆನ್‌ಲೈನ್‌ನಲ್ಲಿ ಇದೆ.

ಇದರ ಬೆಲೆ ಗೊತ್ತಾಗುವುದು 1971ರ ನವೆಂಬರ್ 22ರ ಬೋಯ್ರಾ ಕಾಳಗದಲ್ಲಿ. ಭಾರತದ 22 ಸ್ಕ್ವಾಡ್ರನ್‌ನ ನಾಲ್ಕು ನ್ಯಾಟ್ ಫೈಟರ್‌ಗಳು ಪಾಕಿಸ್ತಾನಿ ಸೇಬರ್ ಫೈಟರ್‌ಗಳ ಮೇಲೆ ಎರಗಿದವು. ಮ್ಯಾಸ್ಸಿ, ಗಣಪತಿ, ಲಾಜರಸ್ ತಲಾ ಒಂದರಂತೆ ಮೂರು ಸೇಬರ್ ಅಂತ ನಮ್ಮ ಕಡೆ ಬರೆದರು. ಎರಡಕ್ಕೆ ಸಾಕ್ಷಿ ಕಾಲಿನ ಮೇಲೆ ನಡೆದೇ ಬಂತು. ಪ್ಯಾರಾಚೂಟ್‌ನಲ್ಲಿ ಇಳಿದ ಇಬ್ಬರು ಪೈಲಟ್‌ಗಳು ಸೆರೆಸಿಕ್ಕರು. ಅವರಲ್ಲೊಬ್ಬರು ಪರ್ವೇಜ್ ಮೆಹದಿ ಖುರೇಷಿ, ಮುಂದೆ ಪಾಕಿಸ್ತಾನಿ ವಾಯುಪಡೆಯ ಮುಖ್ಯಸ್ಥರಾದವರು. ಮೂರನೇ ಸೇಬರ್ ಪೆಟ್ಟು ತಿಂದು ಢಾಕಾಕ್ಕೆ ಮರಳಿತು ಅಂತ ಪಾಕಿಸ್ತಾನಿ ಕಡೆ ದಾಖಲೆ. ಅಲ್ಲಿಗೆ ಎರಡು ನಾಶ, ಒಂದು ಹಾನಿ. ಪಾಕಿಸ್ತಾನ ಕೂಡ ನ್ಯಾಟ್ ಉರುಳಿಸಿದ್ದಾಗಿ ಹೇಳಿತು. ನಾಲ್ಕೂ ನ್ಯಾಟ್ ಇಳಿದವು. ಎರಡೂ ಕಡೆಗೆ ಒಂದೇ ಅಳತೆಗೋಲು ಹಿಡಿಯಬೇಕು, ನಮ್ಮವರಿಗೆ ಒಂದು ಅವರಿಗೆ ಒಂದು ಅಂತ ಅಲ್ಲ.

ಅವಶೇಷದ ಮಾತು ಇಲ್ಲಿಗೇ ಸೇರುತ್ತದೆ. ಲೋಹದ ಫಲಕದ ಮೇಲಿನ ಕಾರ್ಖಾನೆ ನಂಬರ್ ಸಿಕ್ಕರೆ ನಷ್ಟದ ಪಟ್ಟಿಯ ಸಾಲಿಗೆ ನೇರ ಕೊಂಡಿ. ಸಕಾಯ್ 1942ರಲ್ಲಿ ಉರುಳಿಸಿದ ಅಮೆರಿಕನ್ ಪೈಲಟ್ ಸದರ್ಲೆಂಡ್ ಅವರ ವೈಲ್ಡ್‌ಕ್ಯಾಟ್ ಫೈಟರ್ 1998ರಲ್ಲಿ ಗ್ವಾಡಲ್‌ಕೆನಾಲ್ ಕಾಡಿನಲ್ಲಿ ಸಿಕ್ಕಿತು. ಇಬ್ಬರೂ ಪೈಲಟ್‌ಗಳು ಬರೆದಿಟ್ಟಿದ್ದ ಕಥೆಯನ್ನು ಲೋಹದ ಜೊತೆ ಹೋಲಿಸಿ ನೋಡುವ ಅವಕಾಶ ಆಯಿತು. ಆದರೆ ನೀವಾಗಿ ಹೋಗಿ ಅಗೆಯಬೇಡಿ. ಅದು ಸಮಾಧಿಯೂ ಆಗಿರಬಹುದು, ಸಿಡಿಯದ ಗುಂಡೂ ಇರಬಹುದು. ಬ್ರಿಟನ್ನಿನಲ್ಲಿ 1986ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದೆ ಮುಟ್ಟಿದರೆ ಅಪರಾಧ.

ಏಳನೇ ಹೆಜ್ಜೆ: ಕ್ಲೈಮೇ ಇಲ್ಲದ ಗೆಲುವು

ಇದುವರೆಗೆ ಹೇಳಿದ್ದು ಕ್ಲೈಮ್ ಹಿಡಿದು ನಷ್ಟ ಹುಡುಕುವುದು. ಕೆಲವೊಮ್ಮೆ ತಲೆಕೆಳಗಾಗಿ ಹೋಗಬೇಕು, ಯಾಕೆಂದರೆ ಹೇಳಬೇಕಾದ ಪೈಲಟ್ ಮರಳಿ ಬಂದಿರುವುದಿಲ್ಲ.

1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ಭಾರತದ ನಂ. 1 ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ದಾಳಿ ಮಾಡಿದವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಮೀಸಲು ಪೈಲಟ್ ಆಗಿದ್ದವರು, ಗುಂಪಿನಲ್ಲಿ ಜಾಗ ತೆರವಾದಾಗ ಸೇರಿಕೊಂಡರು. ಅವರು ಮರಳಲಿಲ್ಲ. ನಮ್ಮ ಕಡತದಲ್ಲಿ "ಕಾಣೆ" ಅಂತ ಮಾತ್ರ ಉಳಿಯಿತು. ಅವರ ಹೆಸರಲ್ಲಿ ಕ್ಲೈಮ್ ಇಲ್ಲ, ವರದಿ ಇಲ್ಲ, ನೋಡಿದವರೂ ಇಲ್ಲ.

ಇನ್ನೊಂದು ಕಡೆ ಅದೇ ಬೆಳಗ್ಗೆ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನ ಬಿದ್ದುಹೋಯಿತು. ಪೈಲಟ್ ಅಮ್ಜದ್ ಹುಸೇನ್ ಹಾರಿಕೊಂಡು ಬದುಕಿದರು. ಆ ನಷ್ಟಕ್ಕೆ ಭಾರತದ ಕಡೆ ಜೋಡಿ ಇರಲಿಲ್ಲ. ಮರಳಿ ಬಂದ ಯಾರೂ ಸ್ಟಾರ್‌ಫೈಟರ್ ಉರುಳಿಸಿದೆ ಅಂದಿರಲಿಲ್ಲ. 1979ರಲ್ಲಿ ಬ್ರಿಟಿಷ್ ಬರಹಗಾರರೊಬ್ಬರು ಪಾಕಿಸ್ತಾನಿ ವಾಯುಪಡೆಯ ಕಡೆಯಿಂದ ಆ ಯುದ್ಧದ ಪುಸ್ತಕ ಬರೆದಾಗ ಆ ಕಾಳಗದ ವಿವರ ಹೊರಬಂತು. ಪೆಟ್ಟು ತಿಂದ ಮಿಸ್ಟೇರ್ ಒಂದು ಓಡಿಹೋಗದೆ ತಿರುಗಿ ಕಾದಾಡಿತ್ತು. ಅವತ್ತು ಮರಳದ ಮಿಸ್ಟೇರ್ ಯಾವುದು, ಅದರಲ್ಲಿ ಇದ್ದವರು ಯಾರು ಅಂತ ಕೂಡಿಸಿ ಕಳೆದು ನೋಡಿದರೆ ಉಳಿಯುವ ಹೆಸರು ದೇವಯ್ಯನವರದ್ದು. 1988ರಲ್ಲಿ, 23 ವರ್ಷದ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಇಲ್ಲೂ ಕಾರಣದ ಕಾಲಂ ತಕರಾರು ಮಾಡುತ್ತದೆ. ಸ್ಟಾರ್‌ಫೈಟರ್ ತಾನೇ ಹೊಡೆದ ಮಿಸ್ಟೇರ್‌ನ ಚೂರುಗಳಿಗೆ ತಗುಲಿ ಬಿತ್ತು ಅನ್ನುವ ಪಾಕಿಸ್ತಾನಿ ಬರಹಗಳೂ ಇವೆ. ನಷ್ಟ ಎರಡೂ ಕಡೆ ಒಪ್ಪಿದ್ದು, ಜಗಳ ಇರುವುದು ಕಾರಣದ ಬಗ್ಗೆ ಮಾತ್ರ. ಈ ಎರಡನ್ನೂ ಬೇರೆ ಬೇರೆ ಬರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಹಾಳೆಯಲ್ಲೂ ಬಲಗಡೆ ಜೋಡಿಯಿಲ್ಲದೆ ಉಳಿದ ನಷ್ಟಗಳಿದ್ದರೆ, ಎಡಗಡೆ ಮರಳದ ಪೈಲಟ್‌ಗಳ ಹೆಸರು ಎದುರಿಗಿಟ್ಟು ನೋಡಿ.

ಕೊನೆಯ ಹೆಜ್ಜೆ: ಬರೆಯುವುದು

ಪ್ರತಿ ಕ್ಲೈಮ್‌ಗೂ ಒಂದು ದರ್ಜೆ ಕೊಡಿ. ಖಚಿತ, ಹೆಚ್ಚಾಗಿ ಹೌದು, ಇರಬಹುದು, ಜೋಡಿ ಸಿಗಲಿಲ್ಲ, ಇಷ್ಟು ಸಾಕು. ಖಚಿತ ಅನ್ನಬೇಕಾದರೆ ಹೊತ್ತು, ಜಾಗ, ವಿಮಾನದ ಜಾತಿ ಮೂರೂ ಕೂಡಬೇಕು, ಆ ನಷ್ಟಕ್ಕೆ ಬೇರೆ ಗಟ್ಟಿ ಹಕ್ಕುದಾರರು ಇರಬಾರದು. ಎರಡು ಕೂಡಿ ಮೂರನೆಯದು ಹತ್ತಿರ ಇದ್ದರೆ ಹೆಚ್ಚಾಗಿ ಹೌದು. ಇಬ್ಬರು ಮೂವರು ಹಕ್ಕುದಾರರಿದ್ದು ಬಿಡಿಸಲು ಆಗದಿದ್ದರೆ ಎಲ್ಲರ ಹೆಸರನ್ನೂ ಬರೆದು ಇರಬಹುದು ಅನ್ನಿ. ಬಲವಂತವಾಗಿ ಒಬ್ಬನಿಗೆ ಕಟ್ಟಬೇಡಿ.

"ಜೋಡಿ ಸಿಗಲಿಲ್ಲ" ಅನ್ನುವುದರ ಬದಲು "ಸುಳ್ಳು ಕ್ಲೈಮ್" ಅಂತ ಬರೆಯುವ ಚಪಲ ಬರುತ್ತದೆ. ಬೇಡ. ಬೇಕೆಂದೇ ಸುಳ್ಳು ಹೇಳಿದ ಪ್ರಕರಣ ಇಲ್ಲವೆಂದಲ್ಲ. 1942ರ ಆಗಸ್ಟ್‌ನಲ್ಲಿ ಉತ್ತರ ಆಫ್ರಿಕಾದಲ್ಲಿ ಜರ್ಮನಿಯ ಜೆಜಿ 27 ಅನ್ನುವ ಫೈಟರ್ ದಳದ ಪೈಲಟ್‌ಗಳ ಒಂದು ಚಿಕ್ಕ ಗುಂಪು ಹಾಗೆ ಮಾಡಿ ತಮ್ಮವರ ಕೈಗೇ ಸಿಕ್ಕಿಬಿದ್ದಿತ್ತು. ಆದರೆ ಅಂಥದ್ದನ್ನು ಹೇಳಲು ಹಲವು ದಿನಗಳ ಕ್ಲೈಮ್ ಮತ್ತು ಎದುರಾಳಿಯ ಪೂರ್ತಿ ಕಡತ ಎರಡೂ ಕೈಯಲ್ಲಿ ಇರಬೇಕು. ಒಂದು ದಿನದ ಒಂದು ಸಾಲಿನಿಂದ ಆಗುವ ಕೆಲಸ ಅಲ್ಲ.

ಪೈಲಟ್‌ನ ಮನೆಯವರು ಕೇಳಿದ್ದಕ್ಕೆ ನೀವು ಹುಡುಕುತ್ತಿದ್ದರೆ, 12 ಇದ್ದದ್ದು 7 ಆಯಿತು ಅಂತ ಒಂದೇ ಸಾಲಿನಲ್ಲಿ ಹೇಳಿಬಿಡಬೇಡಿ. ಯಾವ ದಿನ, ಎದುರಿಗೆ ಎಷ್ಟು ಜನ, ಕಡತ ಎಷ್ಟು ಉಳಿದಿದೆ ಅಂತ ದಿನದಿನವೇ ವಿವರಿಸಿ. ಅಧಿಕೃತವಾಗಿ ಸಿಕ್ಕ ಮನ್ನಣೆ ಹಾಗೇ ಇರುತ್ತದೆ, ನಿಮ್ಮ ಲೆಕ್ಕ ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಅಂತ ಹೇಳಿ. ಪ್ರತಿ ತೀರ್ಮಾನದ ಎದುರು ಯಾವ ಕಡತ ನೋಡಿದಿರಿ, ಯಾವುದನ್ನು ನೋಡಲು ಆಗಲಿಲ್ಲ, ಯಾವ ತಾರೀಕಿಗೆ ನೋಡಿದಿರಿ ಅಂತ ಬರೆದಿಡಿ. ಆಮೇಲೆ ಹೊಸ ಕಡತ ತೆರೆದರೆ ಯಾವ ಸಾಲು ತಿದ್ದಬೇಕು ಅಂತ ನಿಮಗೂ, ನಿಮ್ಮ ಹಾಳೆ ತೆಗೆದುಕೊಂಡವರಿಗೂ ತಕ್ಷಣ ಗೊತ್ತಾಗುತ್ತದೆ.